ಅಂಟುಮಾವನ ಸಲೂನ್ ಕುರ್ಚಿ

ನಮ್ಮ ಮನೆಗೆ ಏನಾದರೂ ಹೊಸದು ತಂದರೆ ಅದನ್ನು ಅಂಟುಮಾವನಿಗೆ ತೋರಿಸುವಂತಿಲ್ಲ. ಕಳೆದ ವಾರ ಬಟ್ಟೆ ಒಗೆಯುವ ಯಂತ್ರ ತಂದೆ. ನಾಲ್ಕು ಅಂಗಡಿ ಅಲೆದು, ಮಾರುವವರ ತಲೆ ತಿಂದು, ಕೊನೆಗೆ ಒಂದನ್ನು ಆರಿಸಿದ್ದೆ. ಮಾವ ಬಂದರು. ಕನ್ನಡಕವನ್ನು ಹಣೆಗೇರಿಸಿ, ಮುಚ್ಚಳ ತೆಗೆದು ಒಳಗೆ ಇಣುಕಿದರು. ಬೆರಳ ಗೆಣ್ಣಿನಿಂದ ಅದರ ಪಕ್ಕೆಗೆ ಎರಡು ಸಲ ಕುಟ್ಟಿದರು.

"ಒಳ್ಳೇ ವ್ಯಾಪಾರಾನೇ," ಅಂದರು. "ಆದ್ರೆ ನನ್ನ ಕುರ್ಚಿಯಷ್ಟು ಒಳ್ಳೇದಲ್ಲ."

ಈ ಮಾತನ್ನು ಎಷ್ಟನೆಯ ಸಲ ಕೇಳಿದ್ದೇನೋ ನನಗೇ ಗೊತ್ತಿಲ್ಲ. ನನ್ನ ತಮ್ಮ ಮನೆ ಕೊಂಡಾಗಲೂ ಇದೇ ಆಯಿತು. ಮೂರು ಕೋಣೆ, ಎರಡು ಬಾಲ್ಕನಿ, ಎಲ್ಲ ಸುತ್ತಿ ನೋಡಿ, ಅಷ್ಟು ಜನರ ಮುಂದೆ, "ಚೆನ್ನಾಗಿದೆ ಕಣಯ್ಯ, ಆದ್ರೆ ನನ್ನ ಕುರ್ಚಿ ಮುಂದೆ ಇದೇನೂ ಅಲ್ಲ" ಅಂದುಬಿಟ್ಟರು. ತಮ್ಮನ ಮುಖ ಇಷ್ಟುದ್ದ ಆಯಿತು. ನನಗೆ ಮಾತ್ರ ಸಿಟ್ಟು ಬರಲಿಲ್ಲ. ಬರಿಸಿಕೊಳ್ಳುವ ಹಕ್ಕೂ ನನಗಿಲ್ಲ. ಆ ಕುರ್ಚಿ ಬಂದ ದಿನ ಅವರನ್ನು ಎಲ್ಲರಿಗಿಂತ ಹೆಚ್ಚು ಬೈದವಳು ನಾನೇ.

ಅಂಟುಮಾವ ಅಂದರೆ ನನ್ನ ಅಪ್ಪನ ತಂಗಿಯ ಗಂಡ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಅವರದು. ಚಿಕ್ಕಂದಿನಲ್ಲಿ ಅವರು ನಮ್ಮನ್ನು ಎತ್ತಿಕೊಂಡರೆ ಅಂಗಿಯಿಂದ ಅಂಟಿನ ವಾಸನೆ ಬರುತ್ತಿತ್ತು, ಅದಕ್ಕೇ ಆ ಹೆಸರು. ಮನೆ, ಕೆಲಸದ ಜಾಗ ಎಲ್ಲ ಒಂದೇ ಸೂರಿನಡಿ. ರಸ್ತೆಗೆ ತೆರೆದ ಮುಂದಿನ ದೊಡ್ಡ ಕೋಣೆಯಲ್ಲಿ ಕತ್ತರಿಸುವ ಯಂತ್ರ, ಒತ್ತುವ ಯಂತ್ರ, ಹೊಲಿಗೆಯ ಚೌಕಟ್ಟು. ಕಿಟಕಿಯ ಪಕ್ಕ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಉದ್ದನೆಯ ಮೇಜು. ನಿಂತು ಕೆಲಸ ಮಾಡುವುದಕ್ಕೆಂದೇ ಮಾಡಿಸಿದ್ದರಿಂದ ಅದು ಎದೆಯೆತ್ತರ ಇದೆ. ಹಿಂದೆ ಎರಡು ಸಣ್ಣ ಕೋಣೆ, ಅಡುಗೆಮನೆ.

ಆ ಮೇಜಿನ ಯಜಮಾನಿ ನಮ್ಮ ಅತ್ತೆ. ಮಾವ ಹೊಲಿಯುತ್ತಾರೆ, ಅಂಟು ಬಳಿಯುತ್ತಾರೆ, ಕತ್ತರಿಸುತ್ತಾರೆ. ಅದಕ್ಕೆ ಮುಂಚಿನದೆಲ್ಲ ಅತ್ತೆಯದು. ಮುದ್ರಣಾಲಯದಿಂದ ಬರುವ ದೊಡ್ಡ ಹಾಳೆಗಳನ್ನು ನಯವಾದ ಒಂದು ಮೂಳೆಯ ಪಟ್ಟಿಯಿಂದ ಗೀರಿ ಮಡಿಚುವುದು, ಹದಿನಾರು ಪುಟಕ್ಕೊಂದು ಮಡಿಕೆ ಮಾಡುವುದು, ಮಡಿಕೆಗಳನ್ನು ಒಂದರ ಮೇಲೊಂದು ಕ್ರಮವಾಗಿ ಜೋಡಿಸಿ ಒಂದು ಪುಸ್ತಕ ಮಾಡುವುದು. ಜೋಡಿಸಿದ್ದು ಸರಿಯಿದೆಯೋ ಇಲ್ಲವೋ ಎಂದು ಪುಟ ತಿರುವಿ ನೋಡುತ್ತ ಕೂತರೆ ದಿನಕ್ಕೆ ಹತ್ತು ಪುಸ್ತಕವೂ ಮುಗಿಯುವುದಿಲ್ಲ. ಅದಕ್ಕೇ ಮುದ್ರಣದವರು ಪ್ರತಿ ಮಡಿಕೆಯ ಬೆನ್ನಿನ ಮೇಲೆ, ಅಂದರೆ ಹೊಲಿಗೆ ಬೀಳುವ ಅಂಚಿನ ಮೇಲೆ, ಒಂದು ಸಣ್ಣ ಕಪ್ಪು ಗೆರೆ ಹಾಕಿರುತ್ತಾರೆ. ಮೊದಲ ಮಡಿಕೆಯದು ಮೇಲ್ತುದಿಯಲ್ಲಿ, ಎರಡನೆಯದು ಸ್ವಲ್ಪ ಕೆಳಗೆ, ಮೂರನೆಯದು ಇನ್ನೂ ಕೆಳಗೆ. ಎಲ್ಲವನ್ನೂ ಜೋಡಿಸಿದಾಗ ಬೆನ್ನಿನ ಮೇಲೆ ಓರೆಯಾಗಿ ಇಳಿಯುವ ಮೆಟ್ಟಿಲು ಕಾಣಬೇಕು. ಒಂದು ಮಡಿಕೆ ಆಚೀಚೆಯಾದರೂ ಮೆಟ್ಟಿಲು ಮುರಿಯುತ್ತದೆ.

ಮೆಟ್ಟಿಲು ನೋಡುವುದು ಅತ್ತೆಯ ಕೆಲಸ. ಐವತ್ತು ಪುಸ್ತಕದ ರಾಶಿಯ ಮೇಲೆ ಒಂದು ಸಲ ಕಣ್ಣಾಡಿಸಿ, ಇಪ್ಪತ್ತಮೂರನೆಯದನ್ನು ಎಳೆದು ಪಕ್ಕಕ್ಕೆ ಹಾಕುತ್ತಿದ್ದಳು. ಮಾವನಂತೂ ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವೂ ಮೆಟ್ಟಿಲು ನೋಡಿದವರಲ್ಲ. ಅವಳು ಕೊಟ್ಟದ್ದನ್ನು ಕಣ್ಣುಮುಚ್ಚಿ ಹೊಲಿಯುತ್ತಿದ್ದರು. "ಅದು ಅವಳ ಇಲಾಖೆ, ನಾನ್ಯಾಕೆ ಮೂಗು ತೂರಿಸ್ಲಿ," ಅನ್ನುತ್ತಿದ್ದರು.

ಇಬ್ಬರೂ ಜಗಳದಲ್ಲಿ ಎತ್ತಿದ ಕೈ. ದಾರ ದಪ್ಪ ಆಯಿತು, ಅಂಟು ನೀರಾಯಿತು, ಕಿಟಕಿ ತೆರೆದದ್ದರಿಂದ ಹಾಳೆ ಹಾರಿತು, ಯಾವುದಾದರೂ ಸರಿ. ಮಾವ ಮಾತು ಶುರು ಮಾಡಿದರೆ ನಿಲ್ಲಿಸುವವರಲ್ಲ. ಅತ್ತೆ ಒಂದು ಹಂತದವರೆಗೆ ಕೇಳಿ, ಮೂಳೆಯ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅರ್ಧ ಗಂಟೆ ಕಳೆದ ಮೇಲೆ ಮಾವ ಆ ಬಾಗಿಲ ಹೊರಗೆ ನಿಂತು, ಗಂಟಲು ಸರಿಮಾಡಿಕೊಂಡು, "ದಾರ ದಪ್ಪಾನೇ ಇತ್ತು ಬಿಡು" ಅನ್ನುತ್ತಿದ್ದರು. ಬಾಗಿಲು ತೆರೆಯುತ್ತಿತ್ತು. ಇದನ್ನು ನಾನು ನೂರು ಸಲ ನೋಡಿ ನಕ್ಕಿದ್ದೇನೆ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಮೇಜಿನ ಮುಂದೆ ಕುಸಿದಳು. ಮೆದುಳಿನಲ್ಲಿ ರಕ್ತ ಕಟ್ಟಿತ್ತು. ಆಸ್ಪತ್ರೆಯಿಂದ ಬರುವಾಗ ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿರಲಿಲ್ಲ. ಮಾತು ಹೋಗಿತ್ತು. ಒಂದೇ ಒಂದು ಪದ ಉಳಿದಿತ್ತು: ಆಯ್ತು. ನೀರು ಬೇಕಾ ಅಂದರೂ ಆಯ್ತು, ನೋಯ್ತಿದೆಯಾ ಅಂದರೂ ಆಯ್ತು, ಕಿಟಕಿಯ ಮೇಲೆ ಹಕ್ಕಿ ಕೂತರೂ ಆಯ್ತು. ನಾನು ಔಷಧಿ ಅಂಗಡಿ ನಡೆಸುವವಳು. ಇಂಥವರಿಗೆ ಹೀಗೆ ಒಂದು ಪದ ಮಾತ್ರ ಉಳಿಯುತ್ತದೆ, ಅದು ತಾನಾಗಿ ಬಾಯಿಂದ ಬರುತ್ತದೆ, ಅವರು ಹೇಳಬೇಕೆಂದದ್ದು ಅದಾಗಿರಬೇಕಿಲ್ಲ ಎಂದು ವೈದ್ಯರು ನನಗೆ ಬಿಡಿಸಿ ಹೇಳಿದ್ದರು. ಕೇಳಿಸಿಕೊಂಡಿದ್ದೆ. ಆದರೆ ನನಗೆ ಅನುಕೂಲವಾದ ದಿನ ಅದನ್ನು ಮರೆತೆ.

ಹಿಂದಿನ ಕೋಣೆಯಲ್ಲಿ ಮಂಚ. ಹಗಲು ಮಾವ ಅವಳನ್ನು ಎತ್ತಿ ಮರದ ಕುರ್ಚಿಯಲ್ಲಿ ಕೂರಿಸಿ, ಸುತ್ತ ದಿಂಬು ತುರುಕುತ್ತಿದ್ದರು. ಗಳಿಗೆ ಕಳೆಯುವುದರೊಳಗೆ ಬಲಕ್ಕೆ ಜಾರುತ್ತಿದ್ದಳು. ಯಾವ ಕಡೆ ಮುಖ ಮಾಡಿ ಕೂರಿಸುತ್ತೇವೋ ಆ ಕಡೆಯೇ ನೋಡುತ್ತಿದ್ದಳು. ಗೋಡೆಯಾದರೆ ಗೋಡೆ. ನೆಂಟರಿಷ್ಟರು ಬಂದು ಅವಳ ಎದುರೇ ಲೊಚಗುಟ್ಟಿ, "ಪಾಪ, ಏನೂ ತಿಳಿಯಲ್ಲ" ಎಂದು ಅವಳ ತಲೆಯ ಮೇಲಿಂದಲೇ ಮಾತಾಡಿ ಹೋಗುತ್ತಿದ್ದರು. ಮಾವ ಅರ್ಧ ಹೊಲಿದ ಪುಸ್ತಕ ಬಿಟ್ಟು ಒಳಗೆ ಓಡುವುದು, ಮತ್ತೆ ಹೊರಗೆ ಓಡುವುದು. ಎರಡೇ ತಿಂಗಳಲ್ಲಿ ಮನುಷ್ಯ ಕಡ್ಡಿಯಾದರು.

ನಾನೂ ಅಪ್ಪನೂ ಸೇರಿ ತೀರ್ಮಾನ ಮಾಡಿದೆವು. ನನಗೆ ಗೊತ್ತಿದ್ದ ಒಂದು ಆರೈಕೆ ಕೇಂದ್ರ ಇತ್ತು. ಚೊಕ್ಕಟವಾದ ಜಾಗ, ಮೂರು ಹೊತ್ತೂ ದಾದಿಯರು. ಒಂದು ಹಾಸಿಗೆ ನಾನೇ ಕಾದಿರಿಸಿ ಬಂದೆ. ಆಮೇಲೆ ಅತ್ತೆಯ ಪಕ್ಕ ಕೂತು, ಅವಳ ಎಡಗೈ ಹಿಡಿದು ಕೇಳಿದೆ.

"ಅತ್ತೆ, ನಿನ್ನ ಚೆನ್ನಾಗಿ ನೋಡ್ಕೊಳ್ಳೋ ಕಡೆ ಹೋಗೋಣ್ವಾ?"

"ಆಯ್ತು," ಅಂದಳು.

ನಾನು ಎದ್ದು ಮಾವನ ಹತ್ತಿರ ಹೋಗಿ, "ಅವಳೇ ಒಪ್ಕೊಂಡ್ಲು, ಇನ್ನು ನಿಮ್ಮದೇನು" ಅಂದೆ. ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಮಾವ ಅಂಟಿನ ಬಟ್ಟಲನ್ನು ಕಲಕುತ್ತಲೇ ಇದ್ದರು. ಕೊನೆಗೆ, "ಒಂದು ತಿಂಗಳು ಕೊಡಮ್ಮ," ಅಂದರು. "ಆಮೇಲೆ ನೀವು ಹೇಳಿದ ಹಾಗೆ."

ಆ ತಿಂಗಳಲ್ಲಿ ಅವರು ಏನು ಮಾಡಿಯಾರು? ಒಳ್ಳೆಯ ವೈದ್ಯರನ್ನು ಹುಡುಕಬಹುದು, ಮನೆಗೊಬ್ಬ ದಾದಿಯನ್ನು ಇಡಬಹುದು ಅಂದುಕೊಂಡೆ. ಒಂದು ವಾರದ ನಂತರ ನಾನು ಅಲ್ಲಿಗೆ ಹೋದಾಗ ಬೀದಿಯಲ್ಲಿ ಜನ ಸೇರಿದ್ದರು. ತಳ್ಳುಗಾಡಿಯ ಮೇಲೆ ಒಂದು ಸಲೂನ್ ಕುರ್ಚಿ ಕೂತಿತ್ತು. ಕ್ಷೌರ ಮಾಡಿಸಿಕೊಳ್ಳುವವರು ಕೂರುತ್ತಾರಲ್ಲ, ಅದೇ. ಎರಕದ ಕಬ್ಬಿಣದ ಬುಡ, ಅಲ್ಲಲ್ಲಿ ಬಿರಿದ ಕೆಂಪು ರೆಕ್ಸಿನ್, ತಲೆ ಒರಗಿಸಲು ದಿಂಬು, ಪಾದ ಇಡಲು ತಟ್ಟೆ. ಮೂಲೆಯ ಸಲೂನಿನವನು ಹೊಸ ಕುರ್ಚಿಗಳನ್ನು ತರಿಸಿ ಹಳೆಯದನ್ನು ಗುಜರಿಗೆ ಹಾಕುವುದರಲ್ಲಿದ್ದ. ಕತ್ತರಿಸುವ ಯಂತ್ರಕ್ಕೆ ಹೊಸ ಅಲಗು ಹಾಕಿಸಲು ಎತ್ತಿಟ್ಟಿದ್ದ ದುಡ್ಡು ಕೊಟ್ಟು ಮಾವ ಇದನ್ನು ಹೊಡೆದುಕೊಂಡು ಬಂದಿದ್ದರು. ನಾಲ್ಕು ಜನ ಎತ್ತಿದರೂ ಅದು ಬಾಗಿಲಲ್ಲಿ ತೂರಲಿಲ್ಲ. ಬಾಗಿಲನ್ನೇ ಕಳಚಿ ಒಳಗೆ ತಂದರು.

ನಾನು ಅಷ್ಟು ಜನರ ಮುಂದೆಯೇ ಬಾಯಿ ಮಾಡಿದೆ. "ನಿಮಗೇನು ತಲೆಗಿಲೆ ಕೆಟ್ಟಿದೆಯಾ ಮಾವ? ಔಷಧಿಗೆ ಆಗ್ತಿತ್ತು ಆ ದುಡ್ಡು. ಮಲಗಿರೋ ಹೆಂಗಸಿಗೆ ಸಲೂನ್ ಕುರ್ಚಿ ಯಾವ ಸಂಭ್ರಮಕ್ಕೆ? ಇನ್ನು ಕತ್ತರಿ ಬಾಚಣಿಗೆ ಒಂದು ಬಾಕಿ." ಇನ್ನೂ ಏನೇನೋ ಅಂದೆ. ಉಗಿದು ಉಪ್ಪಿನಕಾಯಿ ಹಾಕಿದೆ ಅನ್ನಬಹುದು.

ಮಾವ ಹೊಲಿಗೆ ಯಂತ್ರದ ಎಣ್ಣೆಯನ್ನು ಕುರ್ಚಿಯ ಕೀಲಿಗೆ ಬಿಡುತ್ತ, "ನೀನು ಮುಗಿಸು, ಆಮೇಲೆ ಇವಳನ್ನ ಎತ್ತೋಕೆ ಸ್ವಲ್ಪ ಕೈ ಹಾಕು," ಅಂದರು.

ಎತ್ತಿ ಕೂರಿಸಿದೆವು. ಎರಡೂ ಕಡೆ ಎತ್ತರದ ತೋಳು ಇದ್ದದ್ದರಿಂದ ಜಾರಲಿಲ್ಲ. ಬಲಗಾಲು ತಟ್ಟೆಯ ಮೇಲೆ ನಿಂತಿತು. ಮಾವ ಹಿಂದಿನ ಪೆಡಲ್ಲನ್ನು ಒತ್ತಿದರು. ಪ್ರತಿ ಒತ್ತಿಗೂ ಕುರ್ಚಿ ನಾಲ್ಕು ಬೆರಳು ಮೇಲೇರಿತು. ಐದಾರು ಸಲ ಒತ್ತುವುದರಲ್ಲಿ ಅತ್ತೆಯ ಮೊಣಕೈ ಆ ಎದೆಯೆತ್ತರದ ಮೇಜಿನ ಮೇಲಿತ್ತು. ಎರಡು ತಿಂಗಳ ಮೇಲೆ ಅವಳ ಮುಂದೆ ಮೇಜು, ಮೇಜಿನಾಚೆ ಕಿಟಕಿ, ಕಿಟಕಿಯಾಚೆ ರಸ್ತೆ. ಅವಳು ಎಡಗೈಯನ್ನು ಮೇಜಿನ ಮೇಲೆ ಉದ್ದಕ್ಕೆ ಸವರಿದಳು.

ಕುರ್ಚಿ ತಿರುಗದಂತೆ ಹಿಡಿಯುವ ಒಂದು ಗೂಟ ಇತ್ತು. ನಾನು ಅದನ್ನು ಬಿಗಿಯಲು ಹೋದೆ. "ಅದನ್ನ ಮುಟ್ಬೇಡ," ಅಂದರು ಮಾವ, ಯಾವತ್ತೂ ಇಲ್ಲದಷ್ಟು ಬಿರುಸಾಗಿ. "ಅದು ಯಾವಾಗ್ಲೂ ಸಡಿಲ ಇರ್ಬೇಕು."

ಯಾಕೆ ಎಂದು ನಾನು ಕೇಳಲಿಲ್ಲ. ಸಿಟ್ಟಿನಲ್ಲಿದ್ದೆ, ಹೊರಟುಬಿಟ್ಟೆ.

ಮುಂದಿನ ಮೂರು ವಾರ ಊರೆಲ್ಲ ನಕ್ಕಿತು. ರಟ್ಟು ಕಟ್ಟಿಸಲು ಬಂದವರೊಬ್ಬರು ಕಟಿಂಗಿಗೆ ಎಷ್ಟು ಎಂದು ಕೇಳಿದರಂತೆ. ಮಾವ ಯಾರಿಗೂ ಸೊಪ್ಪು ಹಾಕಲಿಲ್ಲ. ಬೆಳಿಗ್ಗೆ ಅತ್ತೆಯನ್ನು ಕುರ್ಚಿಗೆ ಏರಿಸುವುದು, ಅವಳ ಎಡಗೈಗೆ ಮೂಳೆಯ ಪಟ್ಟಿ ಕೊಡುವುದು, ಮುಂದೆ ಒಂದಿಷ್ಟು ರದ್ದಿ ಹಾಳೆ ಇಡುವುದು. ಅವಳು ಮಡಿಚಿದ್ದೆಲ್ಲ ಸೊಟ್ಟ. ಎಡಗೈಗೆ ಅಭ್ಯಾಸವಿಲ್ಲ, ಹಾಳೆ ಹಿಡಿಯಲು ಇನ್ನೊಂದು ಕೈ ಇಲ್ಲ. ಮಾವ ಹಾಳೆಯ ಮೇಲೆ ಸೀಸದ ತುಂಡೊಂದನ್ನು ಭಾರಕ್ಕಿಟ್ಟರು. ಆಗಲೂ ಸೊಟ್ಟ. ನಾನು ಮಧ್ಯೆ ಒಂದು ದಿನ ಹೋಗಿ ನೋಡಿ, ಮಗುವಿಗೆ ಆಟಿಕೆ ಕೊಟ್ಟ ಹಾಗೆ ಮಾಡುತ್ತಿದ್ದಾರಲ್ಲ ಎಂದು ಹೊಟ್ಟೆ ಉರಿದುಕೊಂಡು ಬಂದೆ.

ಒಂದನ್ನು ಮಾತ್ರ ಅವತ್ತು ಗಮನಿಸಿದೆ. ಮೇಜಿನ ಕೆಳಗೆ, ಕಾಲುಗಳ ನಡುವೆ ಒಂದು ಅಡ್ಡಪಟ್ಟಿ ಇದೆ. ಅತ್ತೆ ಎಡಪಾದವನ್ನು ಅದಕ್ಕೆ ಕೊಟ್ಟು ಮೆಲ್ಲಗೆ ನೂಕುತ್ತಿದ್ದಳು. ಎಣ್ಣೆ ಉಂಡ ಕುರ್ಚಿ ಸದ್ದಿಲ್ಲದೆ ತಿರುಗುತ್ತಿತ್ತು. ಕಿಟಕಿಯ ಕಡೆ ನೋಡಿ ಸಾಕಾದರೆ ಬಾಗಿಲ ಕಡೆ, ಬಾಗಿಲು ಸಾಕಾದರೆ ಮತ್ತೆ ಕಿಟಕಿಯ ಕಡೆ.

ತಿಂಗಳು ತುಂಬಿದ ಭಾನುವಾರ ಬೆಳಿಗ್ಗೆ ನಾನೂ ಅಪ್ಪನೂ ಕಾರು ತೆಗೆದುಕೊಂಡು ಹೋದೆವು. ಅತ್ತೆಯ ಬಟ್ಟೆಬರೆಗೆಂದು ಒಂದು ದೊಡ್ಡ ಚೀಲವನ್ನೂ ಒಯ್ದಿದ್ದೆವು. ಮಾವ ಹೊಲಿಗೆಯ ಚೌಕಟ್ಟಿನ ಮುಂದೆ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದು ಆಸ್ಪತ್ರೆಯ ದಾದಿಯರಿಗಾಗಿ ಪ್ರಥಮ ಚಿಕಿತ್ಸೆಯ ಕೈಪಿಡಿ, ಆರುನೂರು ಪ್ರತಿ, ನಾಳೆಯಿಂದ ಹೊಲಿಗೆ ಶುರು ಮಾಡಿ ವಾರದೊಳಗೆ ಕೊಡಬೇಕು. ಎರಡು ದಿನ ಬೆಳಗಿನ ಜಾವ, ಅತ್ತೆ ಏಳುವ ಮುಂಚೆಯೇ ಕೂತು ಮಡಿಕೆಗಳನ್ನೆಲ್ಲ ಒಬ್ಬರೇ ಜೋಡಿಸಿದ್ದರು. ಜೋಡಿಸಿದ ರಾಶಿಗಳು ಮೇಜಿನ ತುದಿಯಲ್ಲಿ, ಬೆನ್ನು ಗೋಡೆಯ ಕಡೆಗಾಗಿ, ಸಾಲಾಗಿ ನಿಂತಿದ್ದವು.

"ಹೊರಡೋಣ್ವಾ?" ಅಂದರು ಅಪ್ಪ. ಚೀಲ ಇಡಲು ಜಾಗ ಬೇಕಾಗಿತ್ತು. ತುದಿಯ ಒಂದು ರಾಶಿಯನ್ನು ಎತ್ತಿ ಅತ್ತೆಯ ಪಕ್ಕಕ್ಕೆ ಇಟ್ಟರು. ಇಡುವಾಗ ಅದರ ಬೆನ್ನು ಅವಳ ಕಡೆ ತಿರುಗಿತು.

ಅತ್ತೆ ಅದನ್ನು ನೋಡಿದಳು. "ಆಯ್ತು," ಅಂದಳು. ಮತ್ತೆ ಗಟ್ಟಿಯಾಗಿ, "ಆಯ್ತು, ಆಯ್ತು." ಮೂಳೆಯ ಪಟ್ಟಿಯಿಂದ ಮೇಜನ್ನು ಟಕ ಟಕ ಕುಟ್ಟಿದಳು.

"ನೋಡಿ, ಅವಳಿಗೇ ಅವಸರ," ಅಂದರು ಅಪ್ಪ. ನಾನು ನೀರಿನ ಲೋಟ ತಂದೆ. ಅವಳು ಅದನ್ನು ಕೈಯ ಹಿಂಭಾಗದಿಂದ ಸರಿಸಿದಳು. ಮಾವ ಎದ್ದು ಬಂದು ದಿಂಬು ನೋಡಿದರು, ಕಾಲು ನೋಡಿದರು. ಅದೂ ಅಲ್ಲ. ಅವಳು ಪಾದ ಕೊಟ್ಟು ನೂಕಿ, ಕುರ್ಚಿಯನ್ನು ರಾಶಿಯ ನೇರಕ್ಕೆ ತಿರುಗಿಸಿಕೊಂಡಳು. ಮೇಲಿನ ಪುಸ್ತಕದ ಬೆನ್ನಿನ ಮೇಲೆ ಪಟ್ಟಿಯ ಮೊನೆ ಇಟ್ಟು, ಒಂದೊಂದೇ ಕಪ್ಪು ಗೆರೆಯನ್ನು ಮುಟ್ಟುತ್ತ ಇಳಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲಿನದಕ್ಕೆ ಪಟ್ಟಿ ಎರಡು ಮೆಟ್ಟಿಲು ಕೆಳಗೆ ಹಾರಿತು. ಅದರ ನಂತರದ್ದಕ್ಕೆ ಒಂದು ಮೆಟ್ಟಿಲು ಹಿಂದಕ್ಕೆ ಏರಿತು. ಅಲ್ಲಿ ನಿಲ್ಲಿಸಿ, ಕುರ್ಚಿಯನ್ನು ಮಾವನ ಕಡೆ ತಿರುಗಿಸಿಕೊಂಡು ಅವರ ಮುಖ ನೋಡಿದಳು.

ಮಾವ ಆ ಪುಸ್ತಕ ಬಿಡಿಸಿದರು. ಎಂಬತ್ತನೆಯ ಪುಟದ ಮುಂದೆ ತೊಂಬತ್ತೇಳು. ಇನ್ನೊಂದು ತೆಗೆದರು, ಅದೂ ಹಾಗೇ. ಇನ್ನೊಂದು ರಾಶಿಗೆ ಹೋದರು. ಜೋಡಿಸಲು ಕೂರುವ ಮುಂಚೆ ಆರನೆಯ ಮಡಿಕೆಯ ಗುಡ್ಡೆಯನ್ನೂ ಏಳನೆಯದನ್ನೂ ಅದಲುಬದಲಾಗಿ ಇಟ್ಟುಕೊಂಡಿದ್ದರು. ಆರುನೂರೂ ತಪ್ಪು. ನಾಳೆ ಹೊಲಿದು, ಅಂಟು ಬಳಿದು, ಕತ್ತರಿಸಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

"ನಾನು ಮೆಟ್ಟಿಲು ನೋಡೇ ಇಲ್ವಲ್ಲೇ," ಅಂದರು ಮಾವ. "ಅದು ನಿನ್ನ ಕೆಲಸ ಅಲ್ವಾ, ನನಗೆ ಹೊಳೀಲೇ ಇಲ್ಲ." ಹೇಳುತ್ತ ಹೇಳುತ್ತ ನಕ್ಕರು. ನಗುತ್ತಲೇ ಕಣ್ಣು ತುಂಬಿ, ಅಂಟಿನ ಕೈಯಿಂದಲೇ ಒರೆಸಿಕೊಂಡು ಹುಬ್ಬೆಲ್ಲ ಮೆತ್ತಿಕೊಂಡರು.

ನನಗೆ ಮೂರು ತಿಂಗಳಿಂದ ಏನೂ ತಿಳಿಯಲ್ಲ, ಏನೂ ತಿಳಿಯಲ್ಲ ಎಂದು ಅವಳ ಎದುರು ನಿಂತು ಅಂದ ಮಾತೆಲ್ಲ ನೆನಪಾಯಿತು. ಅಷ್ಟನ್ನೂ ಅವಳು ಕೇಳಿಸಿಕೊಂಡಿದ್ದಳು.

ಅಪ್ಪ ಮಾತ್ರ ಹಿಡಿದ ಪಟ್ಟು ಅಷ್ಟು ಸುಲಭಕ್ಕೆ ಬಿಡುವವರಲ್ಲ. ಆದರೆ ದನಿ ಇಳಿದಿತ್ತು. ತಂಗಿಯ ಮುಂದೆ ಬಗ್ಗಿ ನಿಂತು, "ಪುಟ್ಟೀ, ನೀನೇ ಹೇಳು," ಅಂದರು. "ಇಲ್ಲಿ ಇವರೊಬ್ಬರ ಕೈಲಿ ಆಗಲ್ಲ. ನಮ್ಮ ಜೊತೆ ಬರ್ತೀಯಾ?"

ಅತ್ತೆ ಅಣ್ಣನನ್ನು ತುಂಬ ಹೊತ್ತು ನೋಡಿದಳು. ತುಟಿ ಅಲುಗಿತು. ಬೇರೆ ಏನನ್ನೋ ಹೇಳಲು ಅವಳು ಪಟ್ಟ ಪಾಡು ಕುತ್ತಿಗೆಯ ನರದಲ್ಲಿ ಕಾಣುತ್ತಿತ್ತು.

"ಆಯ್ತು," ಅಂದಳು.

ಅಂದವಳೇ ಎಡಪಾದವನ್ನು ಅಡ್ಡಪಟ್ಟಿಗೆ ಕೊಟ್ಟು ಬಲವಾಗಿ ನೂಕಿದಳು. ಕುರ್ಚಿ ಸರ್ರನೆ ತಿರುಗಿ, ನಮ್ಮ ಮೂವರಿಗೂ ಅವಳ ಬೆನ್ನು ಕಂಡಿತು. ಮೇಜಿನ ಕಡೆ ಮುಖ ಮಾಡಿ, ಕೈ ಚಾಚಿ ತಪ್ಪಿದ ರಾಶಿಯನ್ನು ತನ್ನ ಹತ್ತಿರ ಎಳೆದುಕೊಂಡಳು. ಮೇಲಿನ ಪುಸ್ತಕದಿಂದ ಏಳನೆಯ ಮಡಿಕೆಯನ್ನು ಹೊರಗೆ ತೆಗೆಯತೊಡಗಿದಳು.

ಅಪ್ಪ ಆ ಬೆನ್ನನ್ನು ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಚೀಲವನ್ನು ಎತ್ತಿ ಮೂಲೆಗೆ ಹಾಕಿದರು. ಅಂಗಿಯ ತೋಳು ಮಡಿಚಿ, "ಏನು ಮಾಡ್ಬೇಕು ಹೇಳಿ," ಎಂದು ಮಾವನನ್ನು ಕೇಳಿದರು. ನಾನು ಹೊರಗೆ ಹೋಗಿ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ, ಹಾಸಿಗೆ ಬೇಡ ಅಂದೆ. ಯಾಕೆ ಎಂದು ಕೇಳಿದರು. ಅತ್ತೆ ಒಪ್ಪಲಿಲ್ಲ ಅಂದೆ.

ಸಂಜೆಯವರೆಗೆ ಮೂವರೂ ಕೂತು ಆರುನೂರು ಪುಸ್ತಕ ಸರಿಮಾಡಿದೆವು. ಒಂದೊಂದು ರಾಶಿಯೂ ಅತ್ತೆಯ ಮುಂದೆ ಹಾದು ಹೋಗಬೇಕು. ಅಪ್ಪ ಜೋಡಿಸಿದ್ದರಲ್ಲಿ ನಾಲ್ಕನ್ನು ಎಳೆದು ಪಕ್ಕಕ್ಕೆ ಹಾಕಿದಳು. ನನ್ನದರಲ್ಲಿ ಒಂಬತ್ತು.

ಆವತ್ತಿನಿಂದ ಈವತ್ತಿನವರೆಗೆ ಆ ಮನೆಯಿಂದ ಮೆಟ್ಟಿಲು ಮುರಿದ ಪುಸ್ತಕ ಹೊರಗೆ ಹೋಗಿಲ್ಲ. ಮಡಿಚುವುದಕ್ಕೆ ಪಕ್ಕದ ಬೀದಿಯ ಹೆಂಗಸೊಬ್ಬರು ಬರುತ್ತಾರೆ. ಅತ್ತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾಳೆ. ಮಾತು ಇನ್ನೂ ಅದೊಂದೇ. ನಾವು ಈಗ ಅದನ್ನು ಕೇಳುವುದಿಲ್ಲ. ಕುರ್ಚಿ ಯಾವ ಕಡೆ ತಿರುಗಿದೆ ಎಂದು ನೋಡುತ್ತೇವೆ.

ಮಾವನ ಬುದ್ಧಿಯನ್ನು ನಾನು ಆರು ವರ್ಷದಿಂದ ಮೆಚ್ಚಿಕೊಂಡು ತಿರುಗುತ್ತಿದ್ದೆ: ಮೇಜಿನ ಎತ್ತರಕ್ಕೆ ಏರುವ ಕುರ್ಚಿ ಬೇಕೆಂದು, ಅವಳು ಮತ್ತೆ ಕೆಲಸಕ್ಕೆ ಕೂರಲಿ ಎಂದು ಎಷ್ಟು ದೂರ ಯೋಚಿಸಿದ್ದರಲ್ಲ ಎಂದು. ಕಳೆದ ವಾರ ಒಗೆಯುವ ಯಂತ್ರದ ಮುಂದೆ ನಿಂತು ಅದನ್ನೇ ಹೇಳಿದೆ.

"ಎತ್ತರಾನಾ?" ಅಂದರು. "ಅದು ಆಮೇಲೆ ಹೊಳೆದದ್ದು. ಎತ್ತರಕ್ಕಾದ್ರೆ ನಾಲ್ಕು ಇಟ್ಟಿಗೆ ಸಾಕಿತ್ತಲ್ಲಮ್ಮ."

"ಮತ್ತೆ ಯಾಕೆ ತಂದ್ರಿ?"

ಮಾವ ಯಂತ್ರದ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು.

"ಅವಳು ಕಾಯಿಲೆ ಬಿದ್ದು ಹತ್ತು ಹದಿನೈದು ದಿನ ಆಗಿತ್ತು. ಏನೋ ಸಿಟ್ಟು ಬಂದು ನಾನು ಕೂಗಾಡಿದೆ. ಮೊದಲಾಗಿದ್ರೆ ಎದ್ದು ಹೋಗಿ ಬಾಗಿಲು ಹಾಕ್ಕೋತಿದ್ಲು. ಅವತ್ತು ನಾನು ಕೂರಿಸಿದ ಕಡೆ ಕೂತು, ನನ್ನ ಮುಖಾನೇ ನೋಡ್ತಾ, ಎಲ್ಲಾ ಕೇಳಿಸ್ಕೊಂಡ್ಲು. ಬೇರೆ ದಾರಿ ಇರ್ಲಿಲ್ಲ ಅವಳಿಗೆ. ನನಗೆ ಆಮೇಲೆ ಅನ್ನ ಇಳೀಲಿಲ್ಲ." ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. "ಸಲೂನಲ್ಲಿ ಕೂತಿದ್ದಾಗ ಕಾಲು ಕೊಟ್ಟು ನೂಕಿದೆ, ಕುರ್ಚಿ ತಿರುಗ್ತು. ಇದೊಂದಿದ್ರೆ ಅವಳು ನನಗೆ ಬೆನ್ನು ಹಾಕ್ಬೋದು ಅನ್ನಿಸ್ತು. ಅಷ್ಟೇ."

ಮಾವನನ್ನು ಬಿಡಲು ನಾನೂ ಅವರ ಮನೆಯವರೆಗೆ ಹೋದೆ. ಅತ್ತೆ ಮೇಜಿನ ಮುಂದೆ ಇದ್ದಳು. ಅವರು ಬರುವುದು ಅರ್ಧ ಗಂಟೆ ತಡವಾಗಿತ್ತು. ಒಳಗೆ ಕಾಲಿಟ್ಟವರೇ ಮಾವ ನನ್ನ ಯಂತ್ರದ ಕಥೆ ಶುರು ಮಾಡಿದರು. ಅವಳು ಅವರ ಕಡೆ ತಿರುಗಿ ಒಂದು ಹಂತದವರೆಗೆ ಕೇಳಿದಳು. ಮೂಳೆಯ ಪಟ್ಟಿಯನ್ನು ಮೇಜಿನ ಮೇಲೆ ಕುಕ್ಕಿ, "ಆಯ್ತು" ಎಂದು, ಪಾದ ನೂಕಿ ಕಿಟಕಿಯ ಕಡೆ ತಿರುಗಿಬಿಟ್ಟಳು. ಮಾವ ಮಾತು ನಿಲ್ಲಿಸಿದರು. ಆ ಬೆನ್ನಿನ ಹಿಂದೆ ಸ್ವಲ್ಪ ಹೊತ್ತು ನಿಂತು, ಗಂಟಲು ಸರಿಮಾಡಿಕೊಂಡರು.

"ತಡ ಆಯ್ತು, ನಂದೇ ತಪ್ಪು ಬಿಡು," ಅಂದರು.

ಕುರ್ಚಿ ತಿರುಗಿತು.